ಮೂರು ಏಟಿನ ಸಾಕ್ಷಿ

1984ರ ಮಾರ್ಚ್ 13, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಅಟೆಂಡರ್ ಆವುಲಪ್ಪನವರು ಚಿಂತಾಮಣಿಯ ಒಂದು ಕರೆಂಟ್ ಆಫೀಸಿನಲ್ಲಿ, ಎಂಜಿನಿಯರ ಕೋಣೆಯ ಮೂಲೆಯ ಮೇಜಿನ ಮೇಲೆ, ಒಂದು ಅರ್ಜಿಗೆ ದಿನಾಂಕದ ಸೀಲು ಹಾಕುತ್ತಿದ್ದರು. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಸೀಲಿನಲ್ಲಿ ದಿನಾಂಕ ಮಾತ್ರ ಬೀಳುತ್ತಿತ್ತು. ಗಂಟೆಯನ್ನು ಅಟೆಂಡರೇ ಪಕ್ಕದಲ್ಲಿ ಪೆನ್ನಿನಿಂದ ಬರೆಯಬೇಕಾಗಿತ್ತು. ಆ ಅರ್ಜಿಯ ಒಂದು ಪ್ರತಿಯನ್ನು ನಾನು ಆಮೇಲೆ ನೋಡಿದ್ದೇನೆ. ಆವುಲಪ್ಪನವರ ದುಂಡನೆಯ ಕೈಬರಹದಲ್ಲಿ 11-40 ಎಂದೇ ಇದೆ.

ಅರ್ಜಿಗೆ ಮೂರು ಪ್ರತಿಗಳಿದ್ದವು. ಬೇಸಿಗೆಗೆ ಇಂಕಿನ ಪ್ಯಾಡು ಒಣಗಿದ್ದರಿಂದ ಅವರು ಮೊಣಕೈ ಎತ್ತಿ, ಬಲ ಬಿಟ್ಟು ಕುಟ್ಟಿದರು. ಫಟ್, ಫಟ್, ಫಟ್.

ಅರ್ಜಿ ತಂದವನು ಕೆಂಚಾರ್ಲಹಳ್ಳಿಯ ಮುನಿಗಂಗಪ್ಪ. ಆವುಲಪ್ಪನವರದೂ ಅದೇ ಊರು. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಒಂಬತ್ತು ದಿನವಾಗಿತ್ತು. ಪಂಪು ನಿಂತು ಹಿಪ್ಪುನೇರಳೆ ಸೊಪ್ಪು ಬಾಡಿತ್ತು. ಮನೆಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎಡೆಬಿಡದೆ ಸೊಪ್ಪು ತಿನ್ನುವ ವಾರ. ಇಪ್ಪತ್ತು ಜನ ಮುನಿಗಂಗಪ್ಪನ ಹಿಂದೆ ಬಂದು ಆಫೀಸಿನ ಜಗುಲಿಯಲ್ಲಿ ಕಾಯುತ್ತಿದ್ದರು. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿದ್ದವರು ಮೂವರೇ.

ಎಂಜಿನಿಯರು ಪಟ್ಟಿ ತೋರಿಸಿ, ಕೇಳಿರುವ ಊರು ಹನ್ನೊಂದು, ಬಂದಿರುವ ಟ್ರಾನ್ಸ್‌ಫಾರ್ಮರ್ ಎರಡು, ಸರದಿ ಬರುವುದು ಮೇ ತಿಂಗಳಿಗೆ ಎಂದರು. ಮುನಿಗಂಗಪ್ಪ ಏನೋ ಹೇಳಲು ಬಾಯಿ ತೆರೆದ. ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟ.

"ಹಸ್ಕೊಂಡು ತಲೆ ಎತ್ತಿ ಎತ್ತಿ ನೋಡ್ತವೆ ಸಾರ್ ಹುಳ. ಮನೆಯೊಳಕ್ಕೆ ಹೋಗಕ್ಕಾಗ್ತಿಲ್ಲ" ಎಂದ.

ಎಂಜಿನಿಯರು ತಮ್ಮ ಲೋಟದಲ್ಲಿ ನೀರು ಕೊಟ್ಟರು. ಆಮೇಲೆ, "ಹುಳಕ್ಕೆ ಸರದಿ ಅಂತ ಹೇಳಕ್ಕಾಗುತ್ತಾ. ಆವುಲಪ್ಪ, ಮೂರು ಪ್ರತಿಗೂ ಸೀಲ್ ಹಾಕಪ್ಪ. ಇವತ್ತೇ ಮೇಲಕ್ಕೆ ಕಳ್ಸೋಣ" ಎಂದರು. ನಡೆದದ್ದು ಇಷ್ಟು.

ಮುನಿಗಂಗಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದವನೇ ಯಾರನ್ನೂ ನೋಡದೆ ಗೇಟಿನ ಕಡೆ ನಡೆದ. ಅವನ ಹಿಂದೆ ಸೀಲು ಕೈಯಲ್ಲೇ ಹಿಡಿದು ಆವುಲಪ್ಪ ಬಂದರು. ಜಗುಲಿಯವರು ಮುಚ್ಚಿದ ಬಾಗಿಲಾಚೆ ಸದ್ದು ಕೇಳಿದ್ದರು, ಈಗ ಕೆಂಪು ಕಣ್ಣು ನೋಡಿದ್ದರು. ಮುಂದೆ ನಿಂತಿದ್ದ ಗಂಗುಲಪ್ಪ ಪಿಸುದನಿಯಲ್ಲಿ ಕೇಳಿದ:

"ಎಷ್ಟು ಬಿತ್ತಣ್ಣ?"

ಆ ಜಗುಲಿಯಲ್ಲಿ ದಿನಕ್ಕೆ ಐವತ್ತು ಸಲ ಜನ ಕೇಳುತ್ತಿದ್ದದ್ದೇ ಅದು: ಸೀಲು ಬಿತ್ತಾ, ಎಷ್ಟಕ್ಕೆ ಬಿತ್ತು.

"ಮೂರು" ಎಂದರು ಆವುಲಪ್ಪ.

ಇಪ್ಪತ್ತು ಮುಖಗಳೂ ಒಟ್ಟಿಗೆ ಬೆಳಗಿದವು. ಗಂಗುಲಪ್ಪ ತನ್ನ ಕೆನ್ನೆಯನ್ನು ತಾನೇ ಸವರಿಕೊಂಡ. ಆಗ ಆವುಲಪ್ಪನವರಿಗೆ ಪ್ರಶ್ನೆ ಏನಾಗಿತ್ತೆಂದು ಅರ್ಥವಾಯಿತು. ತಿದ್ದಲು ಸಮಯವಿತ್ತು. ಆದರೆ ಹದಿನೇಳು ವರ್ಷದ ನೌಕರಿಯಲ್ಲಿ ಅಷ್ಟು ಜನ ಅವರ ಮುಖವನ್ನು ನೋಡಿದ್ದು ಅದೇ ಮೊದಲು. ಯಾರೋ ಬೀಡಿ ನೀಡಿದರು. ಸೇದುವ ಅಭ್ಯಾಸವಿಲ್ಲದಿದ್ದರೂ ಅವರು ತೆಗೆದುಕೊಂಡರು.

ಸಂಜೆಯ ಬಸ್ಸು ಅವರನ್ನು ಊರಿಗೆ ಮುಟ್ಟಿಸುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಲಕ್ಷ್ಮೀನರಸಮ್ಮ ಬಾಗಿಲಲ್ಲೇ ನಿಂತಿದ್ದರು. ಗಂಡ ಮನೆಗೆ ಬರುವುದನ್ನು ಆಕೆ ಕಾದು ನಿಂತದ್ದು ಮದುವೆಯಾದ ಹೊಸತರಲ್ಲಿ ಮಾತ್ರ.

"ನೀವು ಒಳಗೇ ಇದ್ರಂತೆ. ಹೇಳಿ, ಮುನಿಗಂಗಪ್ಪ ಆ ಎಂಜಿನಿಯರಿಗೆ ಹೆಂಗೆ ಹೊಡೆದ?"

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಆವುಲಪ್ಪ ಬಸ್ಸಿನ ಕಿಟಕಿ ಹಿಡಿದು, ಊರೆಲ್ಲ ನೋಡುವಂತೆ ಅತ್ತಿದ್ದರು. "ಸಾಕು ಬಿಡಿ, ಅಳಕ್ಕೆ ನಾನಿಲ್ವಾ, ನೀವು ಗಂಡ್ಸಲ್ವಾ" ಎಂದು ಲಕ್ಷ್ಮೀನರಸಮ್ಮ ಜನರ ಮುಂದೆಯೇ ಹೇಳಿದ್ದರು. ಆಮೇಲೆ ಅದನ್ನು ಮತ್ತೆ ಎತ್ತಲಿಲ್ಲ. ಆದರೆ ಆ ದಿನದಿಂದ ಮನೆಯ ದೊಡ್ಡ ಮಾತುಗಳನ್ನು ತನ್ನ ಅಣ್ಣನ ಜೊತೆ ಆಡತೊಡಗಿದರು. ಆವುಲಪ್ಪನವರಿಗೆ ಬೇಕಾಗಿದ್ದದ್ದು ಆ ಕಳೆದುಹೋದ ಜಾಗ. ಅದಕ್ಕೇ ಅಂದು ಬಾಗಿಲಲ್ಲಿ ನಿಂತ ಹೆಂಡತಿಗೆ ಅವರು ಹೇಗೆ ಹೊಡೆದ ಎಂಬುದನ್ನೂ ಹೇಳಿದರು. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಎರಡು.

ಆಕೆ ಕಣ್ಣು ಅರಳಿಸಿ ಕೇಳಿದರು. ಕೊನೆಗೆ ಉಸಿರೆಳೆದು, "ಗಂಡ್ಸು ಅಂದ್ರೆ ಹಂಗಿರ್ಬೇಕು" ಎಂದರು. ಹೇಳಿದವರ ಕಡೆ ಆ ಕಣ್ಣು ತಿರುಗಲಿಲ್ಲ.

ಸದ್ದು ದೂರ ಹೋದಷ್ಟೂ ಕ್ಷೀಣಿಸಬೇಕು. ಇದು ತದ್ವಿರುದ್ಧವಾಗಿ ನಡೆಯಿತು. ಮುಂದಿನ ವಾರ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಏಟು ಐದಾಗಿತ್ತು, ಒಂದು ಹಲ್ಲೂ ಹೋಗಿತ್ತು. ಚಿಕ್ಕಬಳ್ಳಾಪುರದ ತರಕಾರಿ ಮಂಡಿಯಲ್ಲಿ ಏಳು. ಗೌರಿಬಿದನೂರಿನ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವನು, ಅದು ಕೈಯಲ್ಲಲ್ಲ, ಚಪ್ಪಲಿಯಲ್ಲಿ ಎಂದು ಆವುಲಪ್ಪನವರಿಗೇ ತಿಳಿಸಿಕೊಟ್ಟ. ಎಂಜಿನಿಯರು ಕೇಳಿದವರಿಗೆಲ್ಲ "ಅಂಥದ್ದೇನೂ ನಡೆದಿಲ್ಲಪ್ಪ" ಎನ್ನುತ್ತಿದ್ದರು. "ಏಟು ತಿಂದೋನು ಹೂಂ ಅಂತಾನಾ" ಎಂದು ಜನ ನಗುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಸುಟ್ಟ ಹನ್ನೆರಡನೇ ದಿನಕ್ಕೆ ಬಂತು, ಅರ್ಧ ಬೆಳೆ ಉಳಿಯಿತು. ಏಟಿನ ಮಹಿಮೆ ಪೂರ್ತಿ ಸಾಬೀತಾಯಿತು.

ಮುನಿಗಂಗಪ್ಪ ಮಾತ್ರ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕೇಳಿದವರ ಎದುರು ತಲೆ ತಗ್ಗಿಸಿ ಮೀಸೆ ಮುಟ್ಟಿಕೊಳ್ಳುತ್ತಿದ್ದ. ಅದನ್ನು ಜನ ಧೀರನ ವಿನಯವೆಂದು ತಿಳಿದರು. ಪೆನ್ಸಿಲ್ಲಿನ ಗೆರೆಯಷ್ಟಿದ್ದ ಮೀಸೆ ಒಂದು ವರ್ಷದಲ್ಲಿ ತುಟಿ ದಾಟಿ ಇಳಿಯಿತು.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ಬಂದಾಗ ಊರು ಬೇರೆ ಹೆಸರು ಹುಡುಕಲಿಲ್ಲ. "ಮೊಗೋಡಂಟೇ ವಾಡೇ" ಎಂದು ಗಂಗುಲಪ್ಪ ಟೀ ಅಂಗಡಿಯಲ್ಲಿ ತೆಲುಗಿನಲ್ಲಿ ತೀರ್ಪು ಕೊಟ್ಟ, "ಗಂಡ್ಸು ಅಂದ್ರೆ ಅವನೇ. ಆಫೀಸರ್‌ಗಳು ನಡುಗಬೇಕು ಕಣ್ರಪ್ಪ. ಅಕ್ಷರ ಬಲ್ಲೋರು ಸಾವಿರ ಜನ ಸಿಗ್ತಾರೆ, ಕೈ ಎತ್ತೋರು ಎಲ್ಲಿ ಸಿಗ್ತಾರೆ?"

ಲಕ್ಷ್ಮೀನರಸಮ್ಮ ಮುನಿಗಂಗಪ್ಪನ ಫೋಟೋ ಇದ್ದ ಕರಪತ್ರವನ್ನು ಅಡುಗೆಮನೆಯಲ್ಲಿ ಉಪ್ಪಿನ ಜಾಡಿಯ ಮೇಲಿನ ಗೋಡೆಗೆ ಅಂಟಿಸಿದರು. ಒಂದು ಮೂಲೆ ಎದ್ದಾಗ ಅನ್ನದ ಅಗುಳು ಹಚ್ಚಿ ಮತ್ತೆ ಒತ್ತಿದರು. ಆವುಲಪ್ಪ ಉಣ್ಣುವಾಗ ಆ ಮೀಸೆ ಎದುರಿಗೇ ಇರುತ್ತಿತ್ತು. ಒಂದು ಭಾನುವಾರ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಎಣಿಸಿದರು. ಹೆಂಡತಿ ಮುನಿಗಂಗಪ್ಪನ ಹೆಸರು ಹೇಳಿದ್ದು ಹನ್ನೊಂದು ಸಲ. ಗಂಡನನ್ನು ಕರೆದದ್ದು ಎರಡು ಸಲ, ಎರಡೂ ಅಟ್ಟದ ಮೇಲಿನ ಪಾತ್ರೆ ಇಳಿಸಲು.

ಹೊಟ್ಟೆಕಿಚ್ಚು ಅವರ ಹೊಟ್ಟೆಯಲ್ಲಿ ಇರಲಿಲ್ಲ, ಗಂಟಲಲ್ಲಿ ಇತ್ತು ಎಂದು ಅವರೇ ನನಗೆ ಹೇಳಿದ್ದಾರೆ. ಮುದ್ದೆ ಇಳಿಯುತ್ತಿರಲಿಲ್ಲವಂತೆ. ಬೇರೆಯವನು ನಿಜವಾಗಿ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತಾವು ಬಸ್ಸಿನ ಕಿಟಕಿ ಹಿಡಿದು ಅತ್ತ ಹಾಗೆಯೇ ಅವನೂ ಟವೆಲು ಹಿಡಿದು ಅತ್ತಿದ್ದ. ಒಂದೇ ನೀರು. ಒಬ್ಬನಿಗೆ ಅದರಿಂದ ಮೀಸೆ ಬೆಳೆಯಿತು. ಅದಕ್ಕೆ ಗೊಬ್ಬರ ಹಾಕಿದವರೂ ತಾವೇ.

ತಾವೂ ಮೀಸೆ ಬಿಟ್ಟು ನೋಡಿದರು. ಅದು ಎಡಗಡೆ ಮಾತ್ರ ಬೆಳೆಯಿತು. ಒಂದು ದಿನ ಸ್ಟಾಪಿನಲ್ಲಿ ನಿಲ್ಲಿಸದ ಬಸ್ಸಿನ ಕಂಡಕ್ಟರಿಗೆ ದನಿ ದಪ್ಪ ಮಾಡಿ ಗದರಿದರು. ಅವನು ತಿರುಗಿ ನೋಡಿ, "ಯಾಕಣ್ಣ, ನೆಗಡಿಯಾ? ಮೆಣಸಿನ ಕಷಾಯ ಕುಡೀರಿ" ಎಂದ.

ಮತದಾನಕ್ಕೆ ಮೂರು ದಿನವಿರುವಾಗ ಲಕ್ಷ್ಮೀನರಸಮ್ಮ ಹೆಂಗಸರ ಮೆರವಣಿಗೆಗೆ ಮದುವೆಯ ರೇಷ್ಮೆ ಸೀರೆ ತೆಗೆದರು. ಅದು ಆವುಲಪ್ಪನವರಿಗೆ ತಡೆಯಲಾಗಲಿಲ್ಲ.

"ಅವನು ಹೊಡೀಲಿಲ್ಲ ಕಣೇ" ಎಂದರು.

"ಯಾರು?"

"ಮುನಿಗಂಗ. ಅವತ್ತು ಆಫೀಸಲ್ಲಿ. ಅವನು ಅತ್ತ. ಟವೆಲು ಬಾಯಿಗಿಟ್ಕೊಂಡು ಅತ್ತ. ಎಂಜಿನಿಯರು ನೀರು ಕುಡಿಸಿದ್ರು."

ಆಕೆ ಸೀರೆಯ ನೆರಿಗೆ ಹಿಡಿದೇ ನಿಂತರು. "ಮೂರು ಏಟು ಅಂತ ಹೇಳಿದ್ದು ನೀವೇ ಅಲ್ವಾ?"

"ಅದು ಸೀಲಿನ ಲೆಕ್ಕ. ಸೀಲು ಬಿದ್ದಿದ್ದು ಮೂರು."

"ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಎರಡು ಅಂದ್ರಲ್ಲ. ಸೀಲನ್ನ ಎರಡೂ ಕೈಯಲ್ಲಿ ಒತ್ತುತ್ತೀರಾ?"

ಲಕ್ಷ್ಮೀನರಸಮ್ಮ ನೆರಿಗೆ ಸಿಕ್ಕಿಸಿಕೊಂಡು, ಸಿಟ್ಟಿಲ್ಲದೆ, ಜ್ವರ ಬಂದವರಿಗೆ ಹೇಳುವ ಹಾಗೆ ಹೇಳಿದರು: "ಎಲ್ಲಾದಕ್ಕೂ ಮದ್ದೈತೆ, ಹೊಟ್ಟೆಕಿಚ್ಚಿಗಿಲ್ಲ. ಅನ್ನ ಮುಚ್ಚಿಟ್ಟಿದ್ದೀನಿ, ಉಂಡು ಮಲಗಿ."

ಮುನಿಗಂಗಪ್ಪ ಗೆದ್ದ. ಆವುಲಪ್ಪನವರ ಮಾತು ಅಡುಗೆಮನೆಯ ಹೊರಗೆ ಹೋಗಲಿಲ್ಲ. ಹೋಗಿದ್ದರೂ ನಂಬುವವರು ಇರಲಿಲ್ಲ, ಏಕೆಂದರೆ ಆ ಮೂರು ಏಟಿಗೆ ಇದ್ದ ಒಬ್ಬರೇ ಸಾಕ್ಷಿ ಅವರು.

1991ರ ಆಗಸ್ಟಿನಲ್ಲಿ ಮುನಿಗಂಗಪ್ಪನ ತಾಯಿ ಅಕ್ಕಯಮ್ಮ ತೀರಿಕೊಂಡರು. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತ್ತು. ತಂದೆಯಿಲ್ಲದ ಮಗನನ್ನು ಆಕೆ ಒಬ್ಬರೇ ಸಾಕಿದ್ದರು. ಜನ ಹೆಣಕ್ಕಿಂತ ಹೆಚ್ಚಾಗಿ ಮಗನ ಮುಖ ನೋಡುತ್ತಿದ್ದರು.

"ಒಂದು ಹನಿ ಇಲ್ಲ ನೋಡಿ" ಎಂದ ಗಂಗುಲಪ್ಪ, ಮೆಚ್ಚಿಗೆಯಿಂದ. "ಕಲ್ಲು ಕಣ್ರಪ್ಪ, ಕಲ್ಲು."

ಹೆಂಗಸರ ಗುಂಪಿನಲ್ಲಿ ಲಕ್ಷ್ಮೀನರಸಮ್ಮ ತಲೆಯಾಡಿಸಿದ್ದನ್ನು ಆವುಲಪ್ಪ ನೋಡಿದರು. ಸಾವಿನ ಮನೆಯಲ್ಲೂ ಅವರ ಗಂಟಲು ಉರಿಯಿತು. ಅದನ್ನು ಅವರು ಮುಚ್ಚಿಡದೆ ಹೇಳಿದ್ದಾರೆ.

ಅಷ್ಟರಲ್ಲಿ ಮುನಿಗಂಗಪ್ಪ ಅವರ ಹತ್ತಿರ ಬಂದ. "ಆವುಲಣ್ಣ, ಒಂಚೂರು ಬನ್ನಿ. ಹುಳದ ಮನೇಲಿ ಚಂದ್ರಿಕೆ ಹರಡಿದ್ದಾರೆ. ಪಕ್ಕಕ್ಕಿಡೋಣ, ಬಂದೋರಿಗೆ ನೆರಳಾಗ್ತದೆ."

ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರ ತಟ್ಟೆ. ಇಬ್ಬರೂ ಒಳಗೆ ಹೋದರು. ಮುನಿಗಂಗಪ್ಪ ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ಕುಸಿದು ಕೂತ. ಟವೆಲು ಬಾಯಿಗೆ ಹೋಯಿತು.

"ನೀವೊಬ್ರೇ ಅಣ್ಣ ನೋಡಿರೋದು" ಎಂದ. "ಇನ್ಯಾರ ಮುಂದೆಯೂ ಆಗಲ್ಲ. ನೀವು ಹೇಳಿದ ಆ ಮೂರು ಇಲ್ಲಿ ಕೂತೈತೆ," ಎಂದು ಗಂಟಲು ಮುಟ್ಟಿಕೊಂಡ. "ಅಮ್ಮ ಹೋದ್ಲು ಅಂತ ಅಳಕ್ಕೂ ಬಿಡಲ್ಲ."

ಆವುಲಪ್ಪನವರಿಗೂ ಬಹಳ ದಿನದಿಂದ ಏನೋ ಕೂತಿದ್ದದ್ದು ಅದೇ ಜಾಗದಲ್ಲಿ.

ಅವನ ದನಿ ಏರುತ್ತಿತ್ತು. ಆ ಮನೆಗೆ ಅಂಗಳದ ಕಡೆ ಇನ್ನೊಂದು ಬಾಗಿಲಿತ್ತು, ಬರೀ ಒಂದು ಅಗುಳಿ. ತೆಗೆದರೆ ಎದುರಿಗೇ ಹೆಂಗಸರ ಗುಂಪು, ಅದರಲ್ಲಿ ಲಕ್ಷ್ಮೀನರಸಮ್ಮ. ಒಂದು ಮಾತೂ ಆಡಬೇಕಾಗಿರಲಿಲ್ಲ. ಗಾಳಿಗೆ ಅಂತ ತೆಗೆದೆ ಎಂದರೆ ಸಾಕಾಗಿತ್ತು. ಆವುಲಪ್ಪ ಹೋಗಿ ಅಗುಳಿಯ ಮೇಲೆ ಕೈಯಿಟ್ಟರು. ಎಷ್ಟು ಹೊತ್ತು ಇಟ್ಟಿದ್ದಿರಿ ಎಂದು ನಾನು ಕೇಳಿದ್ದೆ. "ಒಂದು ಬೀಡಿ ಸೇದುವಷ್ಟು" ಎಂದಿದ್ದರು.

ಹೊರಗೆ ಯಾರೋ "ಒಳಗೇನದು ಸದ್ದು" ಎಂದದ್ದು ಕೇಳಿತು. ಆವುಲಪ್ಪ ಅಗುಳಿಯಿಂದ ಕೈ ತೆಗೆದು, ಹತ್ತಿರದ ಚಂದ್ರಿಕೆಯೊಂದನ್ನು ಎತ್ತಿ ನೆಲಕ್ಕೆ ಬಡಿದರು. ಧೂಳು ಎದ್ದಿತು. ಇನ್ನೊಮ್ಮೆ ಬಡಿದರು. ಮುನಿಗಂಗಪ್ಪನ ಅಳು ನಿಲ್ಲುವವರೆಗೂ, ಅದಾದ ಮೇಲೆ ಅವನು ಮುಖ ಒರೆಸಿಕೊಳ್ಳುವವರೆಗೂ, ಒಂದಾದ ಮೇಲೆ ಒಂದು ಚಂದ್ರಿಕೆ ಬಡಿಯುತ್ತಲೇ ಇದ್ದರು.

ಮಣ್ಣು ಮುಗಿಸಿ ಮಧ್ಯಾಹ್ನ ಮನೆಗೆ ಹೊರಟರು. ಲಕ್ಷ್ಮೀನರಸಮ್ಮ ಸಾಮಾನ್ಯವಾಗಿ ನಾಲ್ಕು ಹೆಜ್ಜೆ ಮುಂದೆ ನಡೆಯುವವರು, ಅಂದು ಪಕ್ಕದಲ್ಲಿ ನಡೆದರು. ಇಬ್ಬರೂ ಕೆರೆಯ ಏರಿ ಹತ್ತಿದರು.

"ಹುಳದ ಮನೇಲಿ ಅಳ್ತಿದ್ದಿದ್ದು ಯಾರು?" ಎಂದು ಆಕೆ ಕೇಳಿದರು.

"ನಾನು."

ಆಕೆ ನಿಂತು ಅವರ ಮುಖವನ್ನು ನೋಡಿದರು. "ಕಣ್ಣು ಒಣಗೇ ಐತಲ್ಲ."

"ಧೂಳಿಗೆ ಒಣಗೋಯ್ತು."

ಲಕ್ಷ್ಮೀನರಸಮ್ಮ ಸೆರಗಿನ ತುದಿ ತೆಗೆದು ಅವರ ಹುಬ್ಬಿನ ಮೇಲಿನ ಧೂಳು ಒರೆಸಿದರು. ಒರೆಸಿ ಆದಮೇಲೂ ಕೈ ಅಲ್ಲೇ ಇತ್ತು.

"ಒಂದೇ ಮಾತು ಕೇಳ್ತೀನಿ, ಮತ್ತೆ ಕೇಳಲ್ಲ. ಅವತ್ತು ಆಫೀಸಲ್ಲಿ ನಿಜವಾಗ್ಲೂ ಎಷ್ಟು ಬಿತ್ತು?"

ಆವುಲಪ್ಪ ಏಳು ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ ಅದು. ಏರಿಯ ಆಚೆ ಮುನಿಗಂಗಪ್ಪ ತಲೆ ಬೋಳಿಸಿಕೊಂಡು, ಮೀಸೆಯೂ ಇಲ್ಲದೆ, ಒಬ್ಬನೇ ಮನೆಯ ಕಡೆ ನಡೆಯುತ್ತಿದ್ದ.

"ಮೂರು" ಎಂದರು.