ರೋಬೋಟಿನ ಸವೆದ ಬೆರಳು

ಕೊಚ್ಚಿಯ ಹತ್ತಿರದ ಆಲುವದ ಔಷಧ ಕಾರ್ಖಾನೆಗೆ ನಾನು ಸೇರಿದಾಗ ಅಲ್ಲಿ ಕನ್ನಡ ಬಲ್ಲವರು ಒಬ್ಬರೇ ಇದ್ದರು. ಯಂತ್ರ ವಿಭಾಗದ ಎಂಜಿನಿಯರು. ನನ್ನಂತೆ ಕಾಸರಗೋಡಿನ ಕಡೆಯವರು, ವಯಸ್ಸಿನಲ್ಲಿ ಸಾಕಷ್ಟು ಹಿರಿಯರು. ನನಗೆ ಬಾಡಿಗೆ ಕೋಣೆ ಹುಡುಕಿಕೊಟ್ಟವರು ಅವರೇ. ನಾನು ಟೈಫಾಯ್ಡ್ ಬಂದು ಮಲಗಿದಾಗ ಅವರ ಹೆಂಡತಿ ದಿನವೂ ಗಂಜಿ ತಂದು ಪಕ್ಕದಲ್ಲಿ ಕೂತು ಕುಡಿಸಿದ್ದರು. ಅವರನ್ನು ಅಣ್ಣ, ಅಕ್ಕ ಎಂದು ಕರೆಯಲು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಎರಡು ಸಾವಿರದ ದಶಕದ ನಡುವೆ ಕಂಪನಿ ತಿರುವನಂತಪುರದಲ್ಲಿ, ತುಂಬ ಎಂಬ ಕಡಲತೀರದ ಊರಿನ ಹತ್ತಿರ, ಹೊಸ ಘಟಕ ತೆರೆಯಿತು. ಇಂಜೆಕ್ಷನ್ ಔಷಧ ತುಂಬುವ ಪುಟ್ಟ ಗಾಜಿನ ಸೀಸೆಗಳನ್ನು ಅಲ್ಲಿ ಮನುಷ್ಯರು ಮುಟ್ಟುವಂತಿರಲಿಲ್ಲ. ತೊಳೆದ ಸೀಸೆಯನ್ನು ರೋಬೋಟಿನ ಕೈ ಎರಡು ಬೆರಳಲ್ಲಿ ಕತ್ತು ಹಿಡಿದು ಎತ್ತಿ, ಬಿಸಿಗಾಳಿಯ ಸುರಂಗದೊಳಕ್ಕೆ ಹೋಗುವ ಸಾಲಿನಲ್ಲಿ ಇಡುತ್ತಿತ್ತು. ಅದನ್ನು ಅಳವಡಿಸಿ ನಡೆಸುವ ಹೊಣೆ ಅಣ್ಣನದು. ಗುಣಮಟ್ಟ ನೋಡುವ ಕೆಲಸಕ್ಕೆ ನನ್ನನ್ನೂ ಕಳಿಸಿದರು. ಅಣ್ಣ ಇದ್ದಾರಲ್ಲ ಎಂದು ಧೈರ್ಯವಾಗಿ ಹೋದೆ.

ಆ ಉಕ್ಕಿನ ಬೆರಳುಗಳಿಗೆ ಮೆದು ರಬ್ಬರಿನ ಹೊದಿಕೆ ಇತ್ತು. ಒಂದು ಬೆಳಿಗ್ಗೆ ಸೀಸೆಗಳನ್ನು ಕಪ್ಪು ಹಲಗೆಯೆದುರು ದೀಪಕ್ಕೆ ಹಿಡಿದು ನೋಡುವಾಗ ಕೆಲವುಗಳ ಕತ್ತಿನಲ್ಲಿ ಕೂದಲಿನಷ್ಟು ಸಣ್ಣ ಗೀರು ಕಂಡಿತು. ಹೋಗಿ ನೋಡಿದರೆ ಒಂದು ಬೆರಳಿನ ರಬ್ಬರು ಸವೆದಿದೆ. ಯಂತ್ರ ನಡೆಸುತ್ತಿದ್ದವಳು ಆ ಕಡಲೂರಿನ ಮೀನುಗಾರರ ಮನೆಯ ಹೆಂಗಸು. ಅವಳ ಎದುರಿಗೇ ನಾನು ಅಣ್ಣನನ್ನು ಕರೆದು ತೋರಿಸಿದೆ.

"ಅಣ್ಣಾ, ಇಲ್ಲಿ ಉಕ್ಕು ಗಾಜಿಗೆ ತಾಗ್ತಾ ಉಂಟು. ಬಿಸಿಯಲ್ಲಿ ಈ ಗೀರು ಬಿರುಕಾಗ್ತದೆ. ಇವತ್ತೇ ನಿಲ್ಲಿಸ್ಬೇಕು."

"ಹೌದು, ನನಗೂ ಕಂಡಿತು. ಮ್ಯಾನೇಜರರ ಹತ್ರ ನಾನೇ ಹೇಳ್ತೇನೆ. ನೀನು ಹೇಳಿದ್ರೆ ನನ್ನ ಮೇಲೆ ದೂರು ಕೊಟ್ಟ ಹಾಗೆ ಆಗ್ತದೆ ಮಾರಾಯ್ತಿ."

ಮಧ್ಯಾಹ್ನ ಕೇಳಿದಾಗ, "ಹೇಳಿದ್ದೇನೆ. ಒಳ್ಳೆಯ ಸೀಸೆ ಮಾತ್ರ ಮುಂದೆ ಬಿಡ್ಲಿಕ್ಕೆ ಒಪ್ಪಿದ್ರು, ಹೊಸ ರಬ್ಬರು ನಾಳೆ ಬರ್ತದೆ" ಎಂದರು. ನಂಬಿದೆ. ನಂಬದಿರಲು ಕಾರಣವೇ ಇರಲಿಲ್ಲ.

ಮರುದಿನ ಮುಚ್ಚಳ ಒತ್ತುವ ಯಂತ್ರದಲ್ಲಿ ಸೀಸೆಗಳು ಒಂದರ ಹಿಂದೊಂದು ಒಡೆದವು. ಔಷಧವೆಲ್ಲ ಚೆಲ್ಲಿತು. ಒಡೆಯದೆ ಉಳಿದವುಗಳಲ್ಲಿ ಗಾಜಿನ ಚೂರು ಬಿದ್ದಿರಬಹುದೆಂದು ಇಡೀ ಬ್ಯಾಚನ್ನೇ ಎಸೆಯಬೇಕಾಯಿತು. ಮ್ಯಾನೇಜರು ನಮ್ಮನ್ನು ಕೋಣೆಗೆ ಕರೆದರು. ನನ್ನ ಅಣ್ಣ ನನ್ನ ಮುಖ ನೋಡದೆ, ನಿಧಾನವಾಗಿ, ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದರು: ಗುಣಮಟ್ಟದವರು ಸರಿ ಇದೆ ಎಂದು ಬಿಟ್ಟಿದ್ದಾರೆ, ಗೀರಿನ ಬಗ್ಗೆ ನನಗೆ ಯಾರೂ ತಿಳಿಸಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕಡೆ ತುಸು ಬಾಗಿ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ, ಕನ್ನಡದಲ್ಲಿ ಅಂದರು: "ಈಗ ಸುಮ್ಮನಿರು ತಂಗಿ. ನಿನ್ನನ್ನು ಯಾರೂ ಎಂತದ್ದೂ ಮಾಡುದಿಲ್ಲ. ಆಮೇಲೆ ನಾನು ಸರಿ ಮಾಡ್ತೇನೆ."

ಆ 'ತಂಗಿ' ಎಂಬ ಮಾತು ಕೇಳಿಯೇ ಇರಬೇಕು ನನಗೆ ಧೈರ್ಯ ಬಂದದ್ದು. ಮಲಯಾಳದಲ್ಲಿ, ಬಾಗಿಲ ಹೊರಗಿನವರಿಗೂ ಕೇಳುವಂತೆ ಹೇಳಿದೆ: "ಸಾರ್, ಇವರು ಈಗ ನನಗೆ ಸುಮ್ಮನಿರು ಎಂದರು, ಆಮೇಲೆ ಸರಿ ಮಾಡುತ್ತೇನೆ ಎಂದರು. ಎಂತ ಸರಿ ಮಾಡುತ್ತಾರೆ, ಕೇಳಿ. ಸವೆದ ರಬ್ಬರನ್ನು ನಿನ್ನೆ ನಾನೇ ಇವರಿಗೆ ತೋರಿಸಿದ್ದೇನೆ. ನಿಮಗೆ ಹೇಳಿದ್ದೇನೆ ಎಂದು ಇವರು ನನಗೆ ಹೇಳಿದ್ದರು."

"ನನಗೆ ಯಾರೂ ಏನೂ ಹೇಳಿಲ್ಲ" ಎಂದರು ಮ್ಯಾನೇಜರು.

ಯಂತ್ರ ನಡೆಸುವವಳನ್ನು ಕರೆಸಿದರು. ಅವಳು ಕೈಕಟ್ಟಿ ನಿಂತು ಹೇಳಿದಳು, "ಸಾರ್, ಅವರ ಭಾಷೆ ನನಗೆ ಬರುವುದಿಲ್ಲ. ಏನು ಮಾತಾಡಿದರೋ ಗೊತ್ತಿಲ್ಲ. ಆದರೆ ಮೇಡಂ ರೋಬೋಟಿನ ಬೆರಳು ತೋರಿಸಿದ್ದು, ಸಾರ್ ಬಗ್ಗಿ ನೋಡಿ ತಲೆಯಾಡಿಸಿದ್ದು ಕಣ್ಣಾರೆ ಕಂಡೆ."

ಅಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತ ಕೂತರು. ವಾರದೊಳಗೆ ಅವರನ್ನು ಆಲುವಕ್ಕೆ ಮರಳಿ ಕಳಿಸಿದರು. ಬೇರೆ ಶಿಕ್ಷೆ ಆಗಲಿಲ್ಲ. ಆಗಲೆಂದು ನಾನು ಬಯಸಿದವಳೂ ಅಲ್ಲ. ಬೆರಳುಗಳಿಗೆ ಹೊಸ ರಬ್ಬರು ಬಂತು, ಪ್ರತಿ ಪಾಳಿಗೆ ಮುಂಚೆ ಅದನ್ನು ತಡವಿ ನೋಡುವ ನಿಯಮವೂ ಬಂತು.

ಅಣ್ಣನಿಂದ ಒಂದು ಮಾತಾದರೂ ಬರುತ್ತದೆ ಎಂದು ಕಾದೆ. ಬಂದದ್ದು ಅಕ್ಕನ ಫೋನು.

"ನಿನಗೆ ಅವರನ್ನು ಎಲ್ಲರ ಎದುರು ಹಾಗೆ ಮಾಡ್ಬೇಕಿತ್ತಾ? ನಮ್ಮ ಭಾಷೆಯಲ್ಲಿ ನಂಬಿ ಹೇಳಿದ್ದನ್ನು ಆ ಜನಕ್ಕೆ ಹೇಳಿದೆಯಲ್ಲ!"

"ಅಕ್ಕಾ, ಅವರು ಸುಳ್ಳು ಹೇಳಿದ್ದು ನನ್ನ ತಲೆಗೆ ಕಟ್ಲಿಕ್ಕೆ. ಆ ಔಷಧಿ ಯಾರದೋ ಮೈಯೊಳಗೆ ಹೋಗ್ತಿತ್ತು."

"ಹೋಗ್ಲಿಲ್ಲ ಅಲ್ವಾ?" ಎಂದು ಫೋನು ಇಟ್ಟರು.

ನಾನಿದ್ದ ಹಾಸ್ಟೆಲಿನ ಮೆಟ್ಟಿಲಲ್ಲಿ ಕೂತು ಅತ್ತೆ. ಅಣ್ಣ ಹೊರಿಸಿದ ತಪ್ಪಿಗಾಗಿ ಅಲ್ಲ. ಅಣ್ಣ, ಅಕ್ಕ ಇಬ್ಬರೂ ನನ್ನನ್ನು ಚೆನ್ನಾಗಿ ಬಲ್ಲವರು; ಬಲ್ಲವರಾದ್ದರಿಂದಲೇ ಇವಳು ಬಾಯಿ ಬಿಡುವವಳಲ್ಲ ಎಂದು ಲೆಕ್ಕ ಹಾಕಿದ್ದರು. ನನಗೆ ಮಾಡಿದ ಉಪಕಾರವನ್ನೆಲ್ಲ ಆ ಲೆಕ್ಕದಲ್ಲೇ ಸೇರಿಸಿದ್ದರೇ ಎಂಬ ಸಂಶಯ ಆ ಸಂಜೆ ಹುಟ್ಟಿತು. ಅದು ಸುಳ್ಳಾಗಿರಬಹುದು. ಆದರೆ ಹೋಗಿ ಕೇಳುವ ಮನಸ್ಸು ಮತ್ತೆ ಯಾವತ್ತೂ ಬರಲಿಲ್ಲ. ಆಲುವಕ್ಕೆ ಮರಳದೆ ತಿರುವನಂತಪುರದಲ್ಲೇ ಉಳಿಯುತ್ತೇನೆಂದು ಮ್ಯಾನೇಜರಿಗೆ ಬರೆದುಕೊಟ್ಟೆ.