ನಾನು ಹೊರದ ಹರಕೆ

ಗಟ್ಟಿ ಮೊಸರನ್ನು ಕಂಡರೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ, ಹಾಲು, ಮೊಸರು, ಬೆಣ್ಣೆ, ತುಪ್ಪ ಬಿಟ್ಟು ಇವಳಿಗೆ ಇದು ಮೂರನೆಯ ವರ್ಷ ಎಂದು ತಿಳಿದ ಕೂಡಲೇ ನೀವು ನನ್ನನ್ನು ದೊಡ್ಡ ವೈರಾಗ್ಯಶಾಲಿ ಎಂದುಕೊಳ್ಳಬಹುದು. ವೈರಾಗ್ಯ ನನ್ನ ಹತ್ತಿರ ಸುಳಿದದ್ದೇ ಇಲ್ಲ. ಬಂದು ಠಿಕಾಣಿ ಹೂಡಿದ್ದು ತೂಕ.

ಅದರಲ್ಲಿ ಇಳಿದದ್ದು ಎಷ್ಟು ಎಂದು ಅಂಕಿಯಲ್ಲಿ ಬರೆಯುವಷ್ಟು ಸಲಿಗೆ ನಿಮ್ಮ ನನ್ನ ನಡುವೆ ಇನ್ನೂ ಬೆಳೆದಿಲ್ಲ. ಅರ್ಧ ಚೀಲ ಸಿಮೆಂಟಿಗಿಂತ ತುಸು ಹೆಚ್ಚು ಎಂದರೆ ಸಾಕು. ಸಿಂದಗಿಯ ನನ್ನ ದರ್ಜಿ ಹೊಸ ಅಳತೆ ಬರೆದುಕೊಂಡು, ಹಳೆಯ ಕುಪ್ಪಸವನ್ನು ಎತ್ತಿ ಹಿಡಿದು, "ಅಕ್ಕಾರ, ಇದು ನಿಮ್ಮ ಅವ್ವಾರದೇನ್ರಿ?" ಎಂದು ಕೇಳಿದ. ಹೌದು ಎಂದೆ. ಅವ್ವ ಅದರಲ್ಲಿ ಎರಡು ಸಲ ಹಿಡಿಸುತ್ತಾಳೆ. ತಪ್ಪು ತಿಳಿವಳಿಕೆಯನ್ನು ತಿದ್ದುವುದಕ್ಕಿಂತ ಹಾಗೇ ಇರಗೊಡುವುದು ನನಗೆ ಮೊದಲಿನಿಂದಲೂ ಹಗುರ.

ಇಳಿಸುವಾಗ ಊರು ಬೆರಗಾಗಿ ನೋಡುತ್ತದೆ. ಇಳಿದ ಮೇಲೆ ಅದೇ ಊರು ನಮ್ಮನ್ನು ಮತ್ತೆ ತುಂಬಿಸಲು ಹೊರಡುತ್ತದೆ. "ಯಾಕವಾ, ಇಷ್ಟ್ಯಾಕ ಸೊರಗೀ?" ಎಂಬುದೇ ನಮ್ಮ ಕಡೆ ತೆಳ್ಳಗಾದವರಿಗೆ ಸಿಗುವ ಬಹುಮಾನ. ಸೊರಗುವುದು ನೀರಿಲ್ಲದ ಬೆಳೆ, ಹಾಸಿಗೆ ಹಿಡಿದ ರೋಗಿ, ಗಂಡನ ಮನೆಯಲ್ಲಿ ಸುಖವಿಲ್ಲದ ಸೊಸೆ. ನಾನು ಮೂರೂ ಅಲ್ಲ. ಬಾಡಿಗೆ ಕೋಣೆಯಲ್ಲಿದ್ದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಿಕೆಕಾಳು, ಅಗಸಿ ಚಟ್ನಿ, ಹಸಿ ಮೂಲಂಗಿ, ಮೇಲೆ ಹಿಂಡಲು ಇಂಡಿ ಊರಿನ ಲಿಂಬೆಹಣ್ಣು: ಇಷ್ಟೆಲ್ಲ ಉಂಡವಳು ಸೊರಗುವುದಾದರೂ ಹೇಗೆ? ಆದರೆ ಗಿಡದಿಂದ ಬಂದದ್ದನ್ನಷ್ಟೇ ತಿನ್ನುತ್ತೇನೆ ಎಂದರೆ, "ನಾವೂ ಶಾಕಾಹಾರಿನs ಅಲ್ಲೇನ್ರಿ?" ಎಂದು ಸಹೋದ್ಯೋಗಿಗಳು ಮಜ್ಜಿಗೆ ಲೋಟ ಮುಂದೆ ಸರಿಸುತ್ತಾರೆ. ಎಮ್ಮೆ ಮೇವು ತಿನ್ನುತ್ತದೆ, ಆದ್ದರಿಂದ ಮಜ್ಜಿಗೆಯೂ ಒಂದು ಬಗೆಯ ಸೊಪ್ಪು.

ಕನ್ನಡ ವ್ಯಾಕರಣವೂ ನನ್ನ ಪಕ್ಷದಲ್ಲಿಲ್ಲ. 'ತಿನ್ನುವುದನ್ನು ಬಿಡು' ಎಂದರೆ ತ್ಯಾಗ. 'ತಿಂದುಬಿಡು' ಎಂದರೆ ಒತ್ತಾಯ. ಒಂದೇ ಧಾತು ಎರಡೂ ಕಡೆಯ ವಕೀಲಿಕೆ ಮಾಡುತ್ತದೆ. "ಒಂದs ಚಮಚ, ತಿಂದುಬಿಡು" ಎನ್ನುತ್ತಾರೆ. ಒಂದು ಚಮಚ ತುಪ್ಪದಿಂದ ಯಾರೂ ದಪ್ಪಗಾಗುವುದಿಲ್ಲ, ನನಗೂ ಗೊತ್ತು. ನಾನು ಒಂದು ಚಮಚಕ್ಕೆ ನಿಲ್ಲುವವಳಲ್ಲ ಎಂಬುದೂ ಗೊತ್ತು.

ನನಗೆ ಬಿಡುಗಡೆ ಸಿಕ್ಕಿದ್ದು ರಮಜಾನ್ ಹಬ್ಬದ ದಿನ. ಮನೆಯ ಒಡತಿ ಹಸೀನಾ ಚಾಚಿ ಬಟ್ಟಲು ತುಂಬ ಸುರಕುಂಬಾ ತಂದರು. ಹಾಲು, ಶಾವಿಗೆ, ಉತ್ತತ್ತಿ, ಗೋಡಂಬಿ.

"ಹಬ್ಬದ ದಿನಾ ಒಲ್ಲೆ ಅಂದ್ರ ಹೆಂಗ್ರಿ ಅಕ್ಕಾರ?"

ಕೊಲೆಸ್ಟ್ರಾಲ್ ಎಂದು ನಾನು ಶುರುಮಾಡುವಷ್ಟರಲ್ಲಿ ಅವರ ಕಣ್ಣು ಅರಳಿದವು. "ಹೈನ ಬಿಟ್ಟೀರೇನು? ಹರಕಿ ಹೊತ್ತೀರಿ!"

ಹಾಲಿನಿಂದ ತುಪ್ಪದವರೆಗಿನ ಎಲ್ಲಕ್ಕೂ ನಮ್ಮಲ್ಲಿ ಹೈನ ಎಂಬ ಒಂದೇ ಮಾತಿದೆ. ನಾನು ಸುಮ್ಮನೆ ನಕ್ಕೆ. ಚಾಚಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಒಂದು ಹಿಡಿ ಖರ್ಜೂರ ತಂದುಕೊಟ್ಟರು. ಅಂದಿನಿಂದ ಓಣಿಯಲ್ಲಿ ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಆರೋಗ್ಯದ ಜೊತೆ ಎಲ್ಲರೂ ವಾದ ಮಾಡುತ್ತಾರೆ, ಹರಕೆಯ ಜೊತೆ ಯಾರೂ ಮಾಡುವುದಿಲ್ಲ. ಇಷ್ಟು ಅನುಕೂಲದ ಸುಳ್ಳನ್ನು, ಅದೂ ನಾನು ಹೇಳದೆಯೇ ಸಿಕ್ಕಿದ್ದನ್ನು, ಯಾರು ತಿದ್ದುತ್ತಾರೆ?

ಹರಕೆಗೆ ಒಂದು ತೀರುವ ದಿನ ಇರುತ್ತದೆ ಎಂಬುದನ್ನು ನಾನು ಮರೆತಿದ್ದೆ.

ಇಂಗಳೇಶ್ವರದ ಗಂಗತ್ತೆ ಅಪ್ಪನ ಅಕ್ಕ. ಅವಳ ಎಮ್ಮೆಯ ಮೊಸರಿನಲ್ಲೇ ನಾನು ಬೆಳೆದವಳು, ಎಲ್ಲ ದಿಕ್ಕಿಗೂ. ಕಣ್ಣಿನ ಪೊರೆ ತೆಗೆಸುವ ಮೊದಲು ನಾಲ್ಕು ದಿನ ಅವಳು ನನ್ನ ಕೋಣೆಯಲ್ಲಿ ಉಳಿದು ಹೋಗಿದ್ದಳು. ನಾನು ಕಾಲೇಜಿಗೆ ಹೋದಾಗ ಅವಳ ಹರಟೆಗೆ ಜೊತೆ ಚಾಚಿ. ಆಪರೇಷನ್ ಆಗಿ ಎರಡು ತಿಂಗಳಿಗೆ ಒಂದು ಮಧ್ಯಾಹ್ನ, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಮೊಸರಿನ ಗಡಿಗೆ ಇಟ್ಟುಕೊಂಡೇ ಬಂದಳು.

"ಕಣ್ಣು ಬಂತವಾ. ಬೇವಿನ ಗಿಡದ ಎಲಿ ಎಣಿಸ್ತೇನಿ ಈಗ. ನಿನ್ನ ಹರಕಿ ತೀರಿತು, ಉಣ್ಣು."

"ಯಾವ ಹರಕಿ, ಅತ್ತೀ?"

"ಮುಚ್ಚಿಡಬ್ಯಾಡ. ಚಾಚಿ ಎಲ್ಲಾ ಹೇಳ್ಯಾಳ. ನನ್ನ ಕಣ್ಣಿನ ಸಲವಾಗಿ ಹೈನ ಬಿಟ್ಟೀ ಅಂತ. ಊರಾಗ ಮನಿಮನಿಗೆ ಹೇಳಿ ಬಂದೇನಿ."

ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಬೆರಳ ದಪ್ಪ ಕೆನೆ. ಒಂದು ಬಟ್ಟಲು ಉಂಡರೆ ಸುಳ್ಳಿಗೆ ಚೆಂದದ ಮುಕ್ತಾಯ, ಅತ್ತೆಗೆ ಹಿಗ್ಗು, ನನಗೆ ಮೊಸರು. ಆದರೆ ಮುಂದಿನ ವಾರವೂ ಗಡಿಗೆ ಬರುತ್ತದೆ, ಅದರ ಮುಂದಿನ ವಾರವೂ. ಬೇಡವೆನ್ನಲು ಆಗ ನನ್ನ ಬಳಿ ಹರಕೆಯೂ ಇರುವುದಿಲ್ಲ. ಬೇಡವೆಂದು ಈಗಲೇ ಹೇಳಿದರೋ, ಅತ್ತೆ ಮನೆಮನೆಗೆ ಹಂಚಿ ಬಂದ ಆ ಹಿಗ್ಗನ್ನು ನಾನೇ ಕಿತ್ತುಕೊಂಡಂತೆ.

"ಅದು ನಿನ್ನ ಸಲವಾಗಿ ಅಲ್ಲತ್ತೀ. ನನ್ನ ಸಲವಾಗಿ" ಎಂದೆ. ಕಾಲೇಜಿನ ಮೆಟ್ಟಿಲಿನ ಅರ್ಧಕ್ಕೇ ನಿಂತು ನೋಟಿಸ್ ಬೋರ್ಡ್ ಓದುವವಳಂತೆ ಉಸಿರು ಸುಧಾರಿಸಿಕೊಳ್ಳುತ್ತಿದ್ದುದನ್ನು, ಕೊಲೆಸ್ಟ್ರಾಲ್ ನೋಡಿ ಡಾಕ್ಟರು ಹೇಳಿದ್ದನ್ನು, ಮೊದಲ ಬಟ್ಟಲಿಗೇ ಎಲ್ಲ ಮರಳಿ ಬಂದೀತು ಎಂಬ ಭಯವನ್ನು, ಅವ್ವನಿಗೂ ಹೇಳದ್ದನ್ನೆಲ್ಲ ಹೇಳಿದೆ.

ಅತ್ತೆ ಗಡಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಅಂದ್ರ, ನನ್ನ ಕಣ್ಣು ಡಾಕ್ಟರ ಒಬ್ಬನs ತೆರಸ್ಯಾನ?"

"ಹೌದು."

"ಆಗ್ಲಿ. ನಿನ್ನ ಹರಕಿ ಯಾವಾಗ ತೀರತೈತಿ?"

"ತೀರೂದಿಲ್ಲ. ದಿನಾ ಹೊರೋದು."

ಅವಳು ಗಡಿಗೆಯ ಬಾಯಿ ಮತ್ತೆ ಕಟ್ಟಿದಳು. "ಹಂಗಾರ ನಾನೂ ಒಂದು ಹೊತ್ತೆ. ಇವತ್ತಿನಿಂದ ನಿನಗ 'ಮೊಸರು ಉಣ್ಣು' ಅನ್ನೂದು ಬಿಟ್ಟೆ." ಮೊಸರು ಚಾಚಿಯ ಮನೆಗೆ ಹೋಯಿತು.

ಕಳೆದ ತಿಂಗಳು ಇಂಗಳೇಶ್ವರಕ್ಕೆ ಹೋಗಿದ್ದೆ. ಸಾಲಾಗಿ ಊಟಕ್ಕೆ ಕೂತಿದ್ದೆವು. ಅತ್ತೆ ಮೊಸರು ಬಡಿಸುತ್ತ ಬಂದಳು. ನನ್ನ ತಾಟಿನ ಮುಂದೆ ಅವಳ ಸೌಟು ನಿಂತಿತು. ತುಟಿ ಅಲುಗಿದವು, ಮಾತು ಗಂಟಲಿನವರೆಗೆ ಬಂದು ಹಿಂದಿರುಗಿದ್ದು ಕಂಡಿತು. ಕೊನೆಗೆ ಅವಳು ಮುಂದಿನ ತಾಟಿಗೆ ಸರಿದಳು, ನಾನು ಉಸಿರು ಬಿಟ್ಟೆ. ತಿನ್ನದೆ ಇರುವುದು ನನಗೆ ಈಗ ಅಷ್ಟೇನೂ ಕಷ್ಟವಲ್ಲ. ಉಣ್ಣು ಅನ್ನದೆ ಇರುವುದನ್ನು ಅತ್ತೆ ಎಷ್ಟು ದಿನ ತಾಳಿಕೊಂಡಾಳೋ, ನನಗೆ ಅದೇ ಚಿಂತೆ.