ಶಂಭಣ್ಣನ ರಿವಾಲ್ವರಿಗೆ ವಿಭೂತಿ

ನನ್ನ ಷಡ್ಡಕ ಶಂಭುಲಿಂಗ ಜನ್ಮದಲ್ಲಿ ಒಂದು ಮೊಟ್ಟೆ ಒಡೆದವನಲ್ಲ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಬೇಕರಿಯವಳ ತಲೆ ತಿಂದು, ಕೊನೆಗೆ ಬರೀ ಕಾಫಿ ಕುಡಿದು ಬರುವ ಮನುಷ್ಯ. ಇಂಥವನು ಪ್ರತಿ ಶನಿವಾರ ಸಿಡ್ನಿಯ ಹೊರಗಿನ ಶೂಟಿಂಗ್ ರೇಂಜಿಗೆ ಹೋಗಿ, ಉಕ್ಕಿನ ಹಾಳೆಯಲ್ಲಿ ಕತ್ತರಿಸಿ ನಿಲ್ಲಿಸಿದ ಕೋಳಿ, ಹಂದಿ, ಟರ್ಕಿ, ಟಗರುಗಳನ್ನು ಗುಂಡು ಹೊಡೆದು ಬೀಳಿಸುತ್ತಾನೆ. ಬೀಳಿಸುತ್ತಾನೆ ಎನ್ನುವುದು ಅವನ ಮಾತು. ನಾನು ಕಂಡಂತೆ ಆ ಪ್ರಾಣಿಗಳಲ್ಲಿ ಹೆಚ್ಚಿನವು ಸಂಜೆಯವರೆಗೂ ನೆಮ್ಮದಿಯಾಗಿ ನಿಂತೇ ಇರುತ್ತವೆ.

ಅವನ ಹೆಂಡತಿ ಗೌರಕ್ಕ, ನನ್ನ ಹೆಂಡತಿ ವಸಂತಾ ಅಕ್ಕತಂಗಿಯರು. ಹಾಗಾಗಿ ಈ ಮನುಷ್ಯ ನನ್ನ ಪಾಲಿಗೆ ಬಂದ. ಊರು ಧಾರವಾಡ. ಇಲ್ಲಿ ಒಂದು ಕೌನ್ಸಿಲ್‌ನಲ್ಲಿ ಮಳೆನೀರಿನ ಚರಂಡಿಗಳ ನಕ್ಷೆ ಮಾಡುವ ಕೆಲಸ. ಮಾರ್ಸ್ಡನ್ ಪಾರ್ಕಿನಲ್ಲಿ ಎರಡು ಕಾರಿನ ಗ್ಯಾರೇಜಿರುವ ಮನೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ ಎಂಬ ಒಂದೇ ಬಂಡವಾಳದ ಮೇಲೆ ಪಿಸ್ತೂಲ್ ಕ್ಲಬ್ ಸೇರಿದ. ಒಬ್ಬನೇ ಹೋಗಲು ಬೇಸರವೆಂದು, ಬ್ಲ್ಯಾಕ್‌ಟೌನಿನಲ್ಲಿ ನನ್ನ ಪಾಡಿಗಿದ್ದ ನನ್ನನ್ನೂ ಎಳೆದುಕೊಂಡು ಹೋದ. ನಾನು ತೆಗೆದುಕೊಂಡದ್ದು ಸಣ್ಣ ಪಿಸ್ತೂಲು, ಸೋಡಾ ಬಾಟಲಿ ತೆರೆದಷ್ಟೇ ಸದ್ದು. ಅವನಿಗೆ ಅದು ಸಾಕಾದೀತೇ? ಫಾರ್ಟಿಫೋರ್ ಮ್ಯಾಗ್ನಮ್ ರಿವಾಲ್ವರೇ ಬೇಕಾಯಿತು. ಯಾರೋ “ಅದರ ಒದೆತ ಜೋರು, ಯೋಚನೆ ಮಾಡಿ” ಎಂದದ್ದೇ ತಪ್ಪಾಯಿತು. ಮೊದಲ ಗುಂಡಿಗೇ ಅದು ಹಿಂದಕ್ಕೆ ಎಗರಿ ಅವನ ಟೋಪಿ ಹಾರಿಸಿತು. ಟೋಪಿಯನ್ನು ತಾನೇ ತೆಗೆದೆನೆಂದು ಇವತ್ತಿಗೂ ಸಾಧಿಸುತ್ತಾನೆ.

ಈ ದೇಶದಲ್ಲಿ ಬಂದೂಕಿನ ತಿಜೋರಿಯ ಕೀಲಿ ಲೈಸೆನ್ಸ್ ಇದ್ದವನ ಹತ್ತಿರವೇ ಇರಬೇಕು, ಹೆಂಡತಿ ಮಕ್ಕಳ ಕೈಗೂ ಸಿಗಬಾರದು. ಶಂಭಣ್ಣ ಆ ಕೀಲಿಯನ್ನು ತನ್ನ ಶಿವದಾರಕ್ಕೇ ಕಟ್ಟಿಕೊಂಡ. ಕೊರಳಲ್ಲಿ ಒಂದೇ ದಾರ, ಅದರಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಪಕ್ಕದಲ್ಲಿ ತಿಜೋರಿಯ ಕೀಲಿ. ಮನೆಗೆ ಬಂದವರಿಗೆಲ್ಲ ಅದನ್ನು ಅಂಗಿಯೊಳಗಿಂದ ಎಳೆದು ತೋರಿಸಿ, “ಸ್ನಾನಕ್ಕ ಹೋದ್ರೂ ಬಿಚ್ಚೂದಿಲ್ಲ” ಎನ್ನುತ್ತಿದ್ದ. ಯಾರೂ ಕೇಳಿರುತ್ತಿರಲಿಲ್ಲ.

ಇನ್ನು ಮಹಾನವಮಿಯ ಖಂಡೆಪೂಜೆ. ಆಯುಧಗಳಿಗೆ ಪೂಜೆ ಮಾಡುವ ದಿನ, ನಾವೆಲ್ಲ ಕಾರಿಗೆ ಒಂದು ಹೂವಿಟ್ಟು, ಮಿಕ್ಸರಿಗೆ ಕುಂಕುಮ ಹಚ್ಚಿ ಮುಗಿಸುತ್ತೇವೆ. ಶಂಭಣ್ಣನ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಡ್ರಿಲ್ಲು, ಸುತ್ತಿಗೆ ಎಲ್ಲ ಸಾಲಾಗಿ ಕೂರುತ್ತವೆ. ನಡುವೆ ಬಾಳೆಎಲೆಯ ಮೇಲೆ ರಿವಾಲ್ವರು. ಎಲೆಯ ಮೇಲಿಡುವ ಮೊದಲು ಅವನು ಅದನ್ನು ತಿಜೋರಿಯಿಂದ ತೆಗೆದು ಹಿಡಿದುಕೊಂಡು ನಿಲ್ಲುತ್ತಾನೆ, ಗೌರಕ್ಕ ಹಚ್ಚಬೇಕು. ಹಿಡಿಯ ಎರಡೂ ಬದಿಯ ಮರಕ್ಕೆ ಕೊಬ್ಬರಿ ಎಣ್ಣೆ, ಅದರ ಮೇಲೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ. “ಸಾಕೇನ್ರಿ?” ಎಂದು ಅವಳು ಕೇಳಿದರೆ, “ಇನ್ನೊಂಚೂರು ಹಚ್ಚು, ಮರಾ ಎಣ್ಣಿ ಕುಡೀಬೇಕು” ಎನ್ನುತ್ತಾನೆ. ನಾನು ಪಕ್ಕದಲ್ಲೇ ತೆಂಗಿನಕಾಯಿ ಹಿಡಿದು ನಿಂತು ಇದನ್ನು ವರ್ಷವರ್ಷ ಕೇಳಿದ್ದೇನೆ. ಪೂಜೆಯಾದ ಮೇಲೆ ಒರೆಸುವಂತಿಲ್ಲ, ಅದು ಪ್ರಸಾದ. ಹಾಗೇ ತಿಜೋರಿಯೊಳಗೆ ಹೋಗುತ್ತದೆ, ಮುಂದಿನ ವರ್ಷ ಅದರ ಮೇಲೇ ಮತ್ತೊಂದು ಪದರ.

ಈ ವರ್ಷ ನಮ್ಮ ಕ್ಲಬ್ಬಿನ ತಂಡ ಮೆಲ್ಬರ್ನಿನ ಪಂದ್ಯಕ್ಕೆ ಹೋಗುವುದಿತ್ತು. ತಂಡದ ನಾಯಕ ಉಡುಪಿಯ ಲತೇಶ್, ಮೆಷಿನ್ ಶಾಪ್ ನಡೆಸುವವನು. ಒಂದು ಸ್ಥಾನ ಖಾಲಿ ಇತ್ತು. ಅದು ತನ್ನದೇ ಎಂದು ಶಂಭಣ್ಣ ಗಣೇಶ ಹಬ್ಬದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿ ಮುಗಿಸಿದ್ದ. ಮೆಲ್ಬರ್ನಿನ ಟಾರ್ನೀಟ್‌ನಲ್ಲಿರುವ ಗೌರಕ್ಕನ ಚಿಕ್ಕಪ್ಪನ ಮಗ ವಿಕ್ರಮನಿಗೆ ಫೋನ್ ಮಾಡಿ, ಅವನ ಮನೆಯಲ್ಲಿ ಕೋಣೆಯನ್ನೂ ಗೊತ್ತು ಮಾಡಿಯಾಗಿತ್ತು. ಆದರೆ ಗುಂಡುಗಳು ಮಾತ್ರ ಮಾತು ಕೇಳುತ್ತಿರಲಿಲ್ಲ. ಒಂದು ಕೋಳಿಯ ಕಾಲ ಬಳಿ ಮಣ್ಣು ಹಾರಿಸಿದರೆ, ಇನ್ನೊಂದು ಪಕ್ಕದವರ ಹಂದಿಗೆ ಬಡಿಯುತ್ತಿತ್ತು. ಶಂಭಣ್ಣ ಮೊದಲು ಗಾಳಿಯನ್ನು ಬೈದ. ಆಮೇಲೆ ಗುಂಡಿನ ಕಂಪನಿಯನ್ನು, ಆಮೇಲೆ ಕನ್ನಡಕದ ಅಂಗಡಿಯವನನ್ನು. ಎಲ್ಲ ಮುಗಿದ ಮೇಲೆ, ನಾನು ಹಿಂದೆ ನಿಂತು ಉಸಿರಾಡುವುದನ್ನು.

“ಬರುವ ಶನಿವಾರ ನೋಡುವ. ಹೀಗೇ ಆದರೆ ನಿರೀಕ್ಷಾ ಬರ್ತಾಳೆ” ಎಂದ ಲತೇಶ್. ನಿರೀಕ್ಷಾ ವೆಸ್ಟ್‌ಮೀಡಿನಲ್ಲಿ ನರ್ಸು, ಮಾತು ಕಡಿಮೆ, ಗುರಿ ಚೆನ್ನ. ಶಂಭಣ್ಣನ ಮುಖ ಇಳಿದುಹೋಯಿತು. ಪ್ರಸಾದದ ಸಾಲಿನಲ್ಲಿದ್ದ ಅಷ್ಟೂ ಜನ ಅವನ ಕಣ್ಣ ಮುಂದೆ ಬಂದಿರಬೇಕು.

ಲತೇಶ್ ರಿವಾಲ್ವರನ್ನು ಖಾಲಿ ಮಾಡಿಸಿ ಕೈಗೆ ತೆಗೆದುಕೊಂಡ. ಹಿಡಿಯನ್ನು ಹಿಚುಕಿದ. ಮರದ ಎರಡು ಹೋಳುಗಳು ಅತ್ತಿತ್ತ ಸರಿದವು. ಅವನ್ನು ಕೂಡಿಸುವ ಸ್ಕ್ರೂ ಕೈಯಲ್ಲೇ ತಿರುಗಿ ಬಂತು. ಹೋಳು ಬಿಚ್ಚಿದರೆ ಒಳಗೆ ಬೂದು ಕೆಂಪು ಬೆರೆತ ಜಿಡ್ಡು, ಮರ ನೆನೆದು ಕಪ್ಪಾಗಿತ್ತು.

“ಇದೆಂತ ಮಾರಾಯ್ರೇ, ಒಳಗೆ ಒಂದು ದೇವಸ್ಥಾನವೇ ಉಂಟಲ್ಲ! ಎಣ್ಣೆ ಕುಡಿದು ಮರ ಮೆತ್ತಗಾಗಿದೆ. ಹಿಡಿಯೇ ಅಲ್ಲಾಡಿದರೆ ಗುರಿ ಎಲ್ಲಿಂದ ಬರಬೇಕು? ಪ್ರತಿ ಸಲ ಒದ್ದಾಗ ಇದು ಕೈಯಲ್ಲಿ ಒಂದೊಂದು ಕಡೆ ಕೂರ್ತದೆ.”

ಸುತ್ತ ಕ್ಲಬ್ಬಿನವರೆಲ್ಲ ಬಗ್ಗಿ ನೋಡುತ್ತಿದ್ದರು. ಗೌರಕ್ಕ ಅಂದು ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ತಂದು ಬೆಂಚಿನ ಮೇಲೆ ಡಬ್ಬಿ ತೆರೆಯುತ್ತಿದ್ದಳು. ಶಂಭಣ್ಣ ಅವಳ ಕಡೆ ತಿರುಗಿದ.

“ಎಷ್ಟ್ ಸಲ ಹೇಳೇನಿ ನಿನಗ, ಎಣ್ಣಿ ಭಾಳ ಹಚ್ಚಬ್ಯಾಡ ಅಂತ? ಹೆಂಗಸರ ಕೈಯಾಗ ಕೊಟ್ರ ಹಿಂಗ ಆಗೂದು!”

ನನಗೆ ಮೈ ಉರಿದುಹೋಯಿತು. ಇನ್ನೊಂಚೂರು ಹಚ್ಚು ಎಂದ ಬಾಯಿಯೇ ಇದು. ಗೌರಕ್ಕ ಡಬ್ಬಿಯ ಮುಚ್ಚಳ ಮತ್ತೆ ಹಾಕಿ, ಚೀಲದಲ್ಲಿಟ್ಟುಕೊಂಡು ಕಾರಿಗೆ ಹೋಗಿ ಕೂತಳು. ಆ ದಿನ ಯಾರಿಗೂ ರೊಟ್ಟಿ ಸಿಗಲಿಲ್ಲ.

ದುರಸ್ತಿಯನ್ನು ಲತೇಶನೇ ಮಾಡಿದ. ಮರದ ಜಿಡ್ಡು ತೊಳೆದು, ಮೆತ್ತಗಾದದ್ದನ್ನು ಕೆರೆದು, ಒಣಗಿಸಿದ. ಹೋಳು ಕೂರಲು ಚೌಕಟ್ಟಿನಲ್ಲಿ ಒಂದು ಸಣ್ಣ ಮೊಳೆಯಿರುತ್ತದೆ, ಅದು ಕೂರುವ ಮರದ ತೂತು ಅಗಲವಾಗಿತ್ತು. ತೂತಿಗೂ ಮರದ ಒಳಮೈಗೂ ಎರಡು ಟ್ಯೂಬ್ ಬೆರೆಸುವ ಅಂಟು ಹಚ್ಚಿದ, ಅದು ಕಬ್ಬಿಣಕ್ಕೆ ಹಿಡಿಯದಂತೆ ಕಬ್ಬಿಣಕ್ಕೆ ಮೊದಲೇ ಬೂಟ್ ಪಾಲಿಶ್ ಸವರಿದ್ದ. ಜೋಡಿಸಿ, ರಬ್ಬರ್ ಸುತ್ತಿ ಬಿಟ್ಟ. ಮರುದಿನ ಬಿಡಿಸಿ ನೋಡಿದರೆ ಮರ ಚೌಕಟ್ಟಿನ ಅಚ್ಚನ್ನೇ ಹಿಡಿದಿತ್ತು. ಸ್ಕ್ರೂ ಸಡಿಲಾಗದಂತೆ ಕೆಳಗೊಂದು ವಾಷರ್ ಹಾಕಿ, “ಇಷ್ಟೇ ಬಿಗಿ. ಹೆಚ್ಚು ತಿರುಗಿಸಿದರೆ ಮರ ಸೀಳ್ತದೆ. ಇನ್ನು ಇದನ್ನು ಮುಟ್ಟಬೇಡಿ” ಎಂದ.

ಅಷ್ಟಕ್ಕೇ ಬಿಡಲಿಲ್ಲ ಲತೇಶ್. ರೇಂಜಿನಲ್ಲಿ, ಶಂಭಣ್ಣನಿಗೆ ಹೇಳದೆ, ರಿವಾಲ್ವರಿನ ಗುಂಡು ತುಂಬುವ ಚಕ್ರದಲ್ಲಿ ಒಂದು ಮನೆ ಖಾಲಿ ಬಿಟ್ಟು ಕೊಟ್ಟ. ಖಾಲಿ ಮನೆಗೆ ಬಂದಾಗ ಟಿಕ್ ಎಂದಿತಷ್ಟೇ, ಒದೆತವೇ ಇಲ್ಲ. ಆದರೂ ನಳಿಗೆ ನೆಲದ ಕಡೆ ಗಕ್ಕನೆ ಬಗ್ಗಿತು, ಶಂಭಣ್ಣನ ಕಣ್ಣು ಮುಚ್ಚಿತ್ತು. ಹಿಡಿ ಸಡಿಲವಾಗಿದ್ದದ್ದು ಅರ್ಧ ರೋಗ, ಒದೆತ ಬರುವ ಮೊದಲೇ ಹೆದರಿ ಕೈ ತಳ್ಳುವುದು ಇನ್ನರ್ಧ. ವಾರವೆಲ್ಲ ಸಂಜೆ ಅವನನ್ನು ನಿಲ್ಲಿಸಿ, ಒಂದೇ ರೀತಿ ಎತ್ತರಕ್ಕೆ ಹಿಡಿಯುವುದು, ಟ್ರಿಗರನ್ನು ಮೆಲ್ಲಗೆ ಒತ್ತುವುದು, ಕಣ್ಣು ತೆರೆದಿಡುವುದು ಮಾಡಿಸಿದ. ಶನಿವಾರ ಕೋಳಿಗಳು ಬಿದ್ದವು. ಟಗರು ಕೂಡ ಬಿತ್ತು. ಸ್ಥಾನ ಸಿಕ್ಕಿತು. ಭಾನುವಾರದ ಹೊತ್ತಿಗೆ ರೋಗ ಕಂಡುಹಿಡಿದವನೂ, ಅಂಟು ಹಚ್ಚಿದವನೂ ಶಂಭಣ್ಣನೇ ಆಗಿದ್ದ.

ನಡುವೆ ಮಹಾನವಮಿ ಬಂತು. ಗೌರಕ್ಕ ಕಾರಿಗೆ, ಮಿಕ್ಸರಿಗೆ, ಸುತ್ತಿಗೆಗೆ ಎಲ್ಲಕ್ಕೂ ಪೂಜೆ ಮಾಡಿದಳು. ತಿಜೋರಿಯ ಹತ್ತಿರ ಬಂದು, ಮುಚ್ಚಿದ ಬಾಗಿಲಿಗೆ ಹೊರಗಿನಿಂದಲೇ ಒಂದು ಹೂವು ಸಿಕ್ಕಿಸಿ ಒಳಗೆ ಹೋದಳು. ಶಂಭಣ್ಣ ತೆಗೆಯಲೂ ಇಲ್ಲ, ಹಚ್ಚು ಎನ್ನಲೂ ಇಲ್ಲ. ಆದರೆ ಅವನ ಮುಖ ಹುಳ್ಳಗಾಯಿತು. “ಖಂಡೆಪೂಜಿ ಆಗದ ಆಯುಧ ತಗೊಂಡು ಹೊಂಟೇನಲ್ಲೋ ತಮ್ಮಾ” ಎಂದು ನನ್ನ ಕಿವಿಯಲ್ಲಿ ಗೊಣಗಿದ.

ಪಂದ್ಯಕ್ಕೆ ಲತೇಶ್, ಶಂಭಣ್ಣ, ಗೌರಕ್ಕ, ನಾನು ಒಂದೇ ಕಾರಿನಲ್ಲಿ ಹೋದೆವು. ರಿವಾಲ್ವರು ಬೀಗ ಹಾಕಿದ ಪ್ರಯಾಣದ ಪೆಟ್ಟಿಗೆಯಲ್ಲಿತ್ತು, ಅದರ ಕೀಲಿಯೂ ಶಿವದಾರಕ್ಕೇ ಸೇರಿತ್ತು. ಹೆದ್ದಾರಿಯುದ್ದಕ್ಕೂ ಶಂಭಣ್ಣ ಗುರಿ ಹಿಡಿಯುವುದು ಹೇಗೆಂದು ಲತೇಶನಿಗೇ ಪಾಠ ಹೇಳಿದ. ಲತೇಶ್ ಪುಣ್ಯಾತ್ಮ, ರೇಡಿಯೋ ಸದ್ದು ಜಾಸ್ತಿ ಮಾಡಿದ ಅಷ್ಟೇ. ಟಾರ್ನೀಟ್‌ನ ಮನೆಯಲ್ಲಿ ಬೆಳಿಗ್ಗೆ ಶಂಭಣ್ಣ ಸ್ನಾನ ಮಾಡಿ, ತನ್ನ ಪೆಟ್ಟಿಗೆಯಿದ್ದ ಕೋಣೆಯ ಬಾಗಿಲು ಹಾಕಿಕೊಂಡು ಲಿಂಗಪೂಜೆಗೆ ಕೂತ. ಎಂದೂ ಇಲ್ಲದಷ್ಟು ತಡವಾಯಿತು. ಒಳಗಿನಿಂದ ನಾಣ್ಯವೋ ಏನೋ ಬಿದ್ದು ಉರುಳಿದ ಸದ್ದು, ಅವನು ನೆಲ ತಡಕಾಡಿದ ಸದ್ದು ಕೇಳಿತು. ಲತೇಶ್ ಹೊರಗೆ ಹಾರ್ನ್ ಹೊಡೆಯುತ್ತಿದ್ದ. ಶಂಭಣ್ಣ ಹಣೆತುಂಬ ವಿಭೂತಿ, ಮುಖತುಂಬ ನೆಮ್ಮದಿ ಹೊತ್ತು ಬಂದ.

ರೇಂಜಿನಲ್ಲಿ ಮೊದಲ ಗುಂಡು ಕೋಳಿಯ ಮೇಲೆ ಹಾದುಹೋಯಿತು. ಎರಡನೆಯದು ಎಲ್ಲಿಗೆ ಹೋಯಿತೋ ನೋಡಿದವರಿಲ್ಲ. ಹಂದಿಗಳು ನಿಂತವು, ಟರ್ಕಿಗಳು ನಿಂತವು, ಟಗರುಗಳು ನಿಂತೇ ಇದ್ದವು. ತಂಡ ಕೆಳಗಿನ ಸ್ಥಾನಕ್ಕೆ ಜಾರಿತು. ಲತೇಶ್ ಬಂದು ರಿವಾಲ್ವರನ್ನು ಖಾಲಿ ಮಾಡಿಸಿ ಹಿಡಿ ಹಿಚುಕಿದ. ಅಲ್ಲಾಡಿತು. ಬಿಚ್ಚಿದ. ವಾಷರ್ ಇಲ್ಲ. ಅಂಟು ಹಚ್ಚಿ ಕೂರಿಸಿದ್ದ ಮರದ ಒಳಮೈಗೆ ಮೂರು ಬೆರಳಿನ ವಿಭೂತಿ ದಪ್ಪಗೆ ಮೆತ್ತಿತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ.

ನಮ್ಮ ಕ್ಲಬ್ಬಿನವರೆಲ್ಲ ಸೇರಿದ್ದರು. ಶಂಭಣ್ಣ ಹಳೆಯ ಚಾಳಿಯಂತೆ ತಿರುಗಿದ.

“ಗೌರಾ, ಏನ ಮಾಡೀದಿ ಇದು?”

ಗೌರಕ್ಕ ಬೆಂಚಿನಿಂದ ಎದ್ದು ಬಂದಳು. ಗಂಡನ ಕಾಲರಿನೊಳಗೆ ಕೈಹಾಕಿ ಶಿವದಾರವನ್ನು ಹೊರಗೆಳೆದಳು. ಕರಡಿಗೆಯನ್ನು ಮೆಲ್ಲಗೆ ಬದಿಗೆ ಸರಿಸಿ, ಪಕ್ಕದಲ್ಲಿದ್ದ ಎರಡು ಕೀಲಿಗಳನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. ತಿಜೋರಿಯದೊಂದು, ಪ್ರಯಾಣದ ಪೆಟ್ಟಿಗೆಯದೊಂದು.

“ಇವನ್ನ ಎಂದಾದ್ರೂ ನನ್ನ ಕೈಯಾಗ ಕೊಟ್ಟೀರೇನ್ರಿ?”

ಬಂದವರಿಗೆಲ್ಲ ತಾನೇ ಎಳೆದು ತೋರಿಸುತ್ತಿದ್ದ ಕೀಲಿಯನ್ನು ಶಂಭಣ್ಣ ಈಗ ಅಂಗಿಯೊಳಗೆ ತುರುಕಲು ನೋಡಿದ. ನನಗೆ ಎಷ್ಟು ಖುಷಿಯಾಯಿತೆಂದು ಮುಚ್ಚಿಡುವುದಿಲ್ಲ.

“ಮಂದಿ ಮುಂದ ಬೈದೀರಿ. ಮಂದಿ ಮುಂದನ ಹೇಳ್ರಿ” ಎಂದಳು ಗೌರಕ್ಕ. ದನಿ ಏರಿರಲಿಲ್ಲ, ಕೈ ದಾರವನ್ನು ಬಿಟ್ಟಿರಲಿಲ್ಲ.

“ಮುಂಜಾನೆ ನಾನ ಹಚ್ಚೀನಿ” ಎಂದ ಶಂಭಣ್ಣ. “ಪೂಜಿ ಆಗಿದ್ದಿಲ್ಲಲ್ಲ, ಅದಕ್ಕ. ಹೊರಗ ಹಚ್ಚಿದ್ರ ಲತೇಶ್ ನೋಡ್ತಿದ್ದ, ಬಿಚ್ಚಿ ಒಳಗ ಹಚ್ಚಿದೆ.”

“ಹ್ವಾದ ವರ್ಷದ್ದು? ಅದರ ಹಿಂದಿನ ವರ್ಷದ್ದು?”

ಅವನು ಲತೇಶನನ್ನು ನೋಡಿದ, ನನ್ನನ್ನು ನೋಡಿದ. ನಾನು ನೆಟ್ಟಗೆ ಅವನನ್ನೇ ನೋಡಿದೆ, ತಪ್ಪಿಸಿಕೊಳ್ಳಲು ಬಿಡಲಿಲ್ಲ.

“ಆಕಿ ಸಾಕ ಅಂದಿದ್ಳು,” ಎಂದ ನೆಲ ನೋಡುತ್ತ. “ನಾನ ಇನ್ನೂ ಹಚ್ಚು ಅಂದಿದ್ದು.”

ಗೌರಕ್ಕ ದಾರವನ್ನು ಮತ್ತೆ ಅಂಗಿಯೊಳಗೆ ಬಿಟ್ಟು, ಮೇಲಿನ ಗುಂಡಿ ಹಾಕಿದಳು. ಬೆಂಚಿಗೆ ಹೋಗಿ ಚೀಲದಿಂದ ರೊಟ್ಟಿಯ ಡಬ್ಬಿ ತೆಗೆದು ಮುಚ್ಚಳ ತೆರೆದಳು. ಮೊದಲು ಲತೇಶನಿಗೆ ಕೊಟ್ಟಳು, ಆಮೇಲೆ ನನಗೆ, ಆಮೇಲೆ ಸಾಲಿನಲ್ಲಿದ್ದ ಎಲ್ಲರಿಗೂ. ಶಂಭಣ್ಣ ಸಾಲಿನ ಕೊನೆಯಲ್ಲಿ ಪೇಪರ್ ಪ್ಲೇಟ್ ಹಿಡಿದು ನಿಂತಿದ್ದ.